ಆಂಜನೇಯ ಕೊಟ್ಟ ಹೂವು

ಅಕ್ಕಾ,

ನಿನ್ನ ಮಗಳು ಅಶ್ವಿನಿಯ ಕೂಸಿನ ಮೊದಲ ಹುಟ್ಟುಹಬ್ಬಕ್ಕೆ ಅಂತ ಇವತ್ತು ವಿಮಾನದಲ್ಲಿ ದಿಲ್ಲಿಗೆ ಬಂದೆ. ಪಕ್ಕದ ಸೀಟಿನಲ್ಲಿ ನಿನ್ನ ವಯಸ್ಸಿನವರೊಬ್ಬರು ಕೂತಿದ್ದರು. ಮೂಗಿಗೆ ನಿನ್ನ ಹಾಗೇ ಪೈಪು, ಕಾಲ ಬಳಿ ಪುಟ್ಟ ಆಕ್ಸಿಜನ್ ಮಿಷನ್ನು.

"ಇದನ್ನ ಒಳಗೆ ಬಿಡ್ತಾರಾ?" ಅಂತ ಕೇಳಿದೆ.

"ಡಾಕ್ಟ್ರು ಚೀಟಿ ತೋರಿಸಿದ್ರೆ ಬಿಡ್ತಾರೆ ಕಣಮ್ಮ. ನನ್ನ ಸೊಸೆಗಿಂತ ಇದೇ ವಾಸಿ, ಎದುರು ಮಾತಾಡಲ್ಲ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಹೋದ ವರ್ಷ ಮಗು ಹುಟ್ಟಿದಾಗ, ನೋಡಲು ದಿಲ್ಲಿಗೆ ಹೋಗೋಣ ಅಂತ ನೀನು ಹಟ ಹಿಡಿದಿದ್ದೆ. "ಸ್ವಾಮಿ ಹತ್ರ ಹೂ ಕೇಳ್ಕೊಂಡು ಬಾರೇ. ಬಲಕ್ಕೆ ಬಿದ್ರೆ ಹೋಗಾನ, ಎಡಕ್ಕೆ ಬಿದ್ರೆ ಬ್ಯಾಡ" ಅಂತ ನನ್ನನ್ನೇ ಆಂಜನೇಯನ ಗುಡಿಗೆ ಕಳಿಸಿದೆ. ವಿಮಾನದಲ್ಲಿ, ಅಷ್ಟು ಎತ್ತರದಲ್ಲಿ ನಿನಗೆ ಉಸಿರು ಕಟ್ಟಿದರೆ ಒಬ್ಬಳೇ ಏನು ಮಾಡಲಿ ಅಂತ ದಾರಿಯುದ್ದಕ್ಕೂ ಅದೇ ಯೋಚನೆ. ಮನೆಗೆ ಬಂದು, ಎಡಕ್ಕೆ ಬಿತ್ತು ಅಂದೆ. ನೀನು ಕೈಮುಗಿದೆ. ಮತ್ತೆ ಆ ಮಾತೇ ಎತ್ತಲಿಲ್ಲ. ಶ್ರಾವಣದಲ್ಲಿ ನಮ್ಮನ್ನೆಲ್ಲ ಬಿಟ್ಟು ಹೊರಟೇಹೋದೆ.

ಮಗುವಿಗೆ ನಿನ್ನದೇ ಮೂಗು ಅಕ್ಕ.

ಆವತ್ತು ಹೂ ಬಲಕ್ಕೇ ಬಿದ್ದಿತ್ತು. ಅರ್ಚಕರು ಅದನ್ನು ನನ್ನ ಕೈಗೇ ಕೊಟ್ಟರು. ಯಾರೂ ತುಳಿಯಬಾರದಲ್ಲ ಅಂತ ದಾರಿಬದಿಯ ಬೇಲಿಯ ಮೇಲಿಟ್ಟು, ಬರಿಗೈಯಲ್ಲಿ ನಿನ್ನ ಹತ್ತಿರ ಬಂದೆ.