ಹರಳುಗಟ್ಟಿದ ಜೇನು

ಅಪ್ಪ,

ಇವತ್ತು ಕುಶಾಲನಗರದ ಕಾಲೇಜಿನಲ್ಲಿ ನಿಮ್ಮ ಮರೆವಿನ ಕಾಯಿಲೆಯದೇ ಪಾಠ ಮಾಡಿದೆ. ಮಿದುಳಿನಲ್ಲಿ ಒಂದು ಪ್ರೋಟೀನು ಬಿಡಿಬಿಡಿಯಾಗಿ ತೇಲುತ್ತಿರುತ್ತದೆ, ಜೀವಕೋಶದ ಪೊರೆಗೆ ತಾಗಿದ ಕಡೆ ಬೇಗ ಗಂಟು ಕಟ್ಟುತ್ತದೆ ಎಂದೆ. ಅರ್ಥವಾಗಲೆಂದು, ನೀವೇ ಜೇನುಪೆಟ್ಟಿಗೆಯಿಂದ ತೆಗೆದು ತುಂಬಿಸಿ ಬಿಟ್ಟುಹೋದ ಕೊನೆಯ ಜೇನಿನ ಬಾಟಲಿ ತೋರಿಸಿದೆ. ಅದರಲ್ಲೂ ಗಾಜಿಗೆ ಅಂಟಿಕೊಂಡೇ ಹರಳು ಬೆಳೆದಿತ್ತು.

"ಮಿಸ್, ಇದಕ್ಕೆ ಸಕ್ಕರೆ ಹಾಕವ್ರೆ!" ಎಂದಳು ಮುಂದಿನ ಬೆಂಚಿನ ಹುಡುಗಿ.

"ಅಪ್ಪಟ ಜೇನೂ ಹಿಂಗೇ ಗಟ್ಟಿಯಾಗ್ತದೆ. ನಮ್ಮಪ್ಪ ಸಕ್ಕರೆ ಹಾಕೋರಲ್ಲ!" ಎಂದು ರೇಗಿಬಿಟ್ಟೆ.

ಇದೇ ಬಾಟಲಿ ಹಿಡಿದು ನಾನೂ ಒಂದು ದಿನ, "ನೀವೇ ಸಕ್ಕರೆ ಹಾಕಿ ಮರೆತಿದೀರಿ" ಅಂದಿದ್ದೆ. ನೀವು ವಾದಿಸಲಿಲ್ಲ. ನನ್ನ ತಲೆ ಸವರಿ, "ನೀನು ಹೇಳ್ತೀಯಲ್ಲ ಮಗಾ, ಹಾಕೇ ಇರ್ತೀನಿ ಬಿಡು" ಎಂದಿರಿ.

ನಿಮ್ಮ ಚಂದನಾ