ಏಳನೇ ನಂಬರಿಗೆ ದೃಷ್ಟಿ

ಯರಗುಪ್ಪಿ

ಫಕೀರೇಶ,

ಇವತ್ತು ಟಿವಿಯಲ್ಲಿ ನಿಮ್ಮ ಟೀಮಿನ ಫುಟ್‌ಬಾಲ್ ಮ್ಯಾಚ್ ಇತ್ತು. ಬರೀ ಸಿಪಾಯಿಗಳು ಆಡುತ್ತಿದ್ದ ಆ ಮಿಲಿಟರಿ ಟೀಮು ಈಗ ದೊಡ್ಡ ಕ್ಲಬ್ಬು. ಸಂಬಳ ಕೊಟ್ಟು ಹೊರಗಿನವರನ್ನೂ ಆಡಿಸುತ್ತಾರೆ. ರಜೆ ಮುಗಿಸಿ ಹೋದ ನೀನು ಪೆಟ್ಟಿಗೆಯಲ್ಲಿ ಬಂದು ವರ್ಷವಾಗಿಲ್ಲ, ನಿನ್ನ ಏಳನೇ ನಂಬರಿನ ಅಂಗಿ ಇನ್ಯಾರದೋ ಮಗನ ಮೈಮೇಲಿದೆ.

ರೂಢಿಯಂತೆ ಉಪ್ಪು, ಮೆಣಸಿನಕಾಯಿ ಹಿಡಿದು ಟಿವಿ ಮುಂದೆ ದೃಷ್ಟಿ ತೆಗೆಯಲು ನಿಂತೆ. "ಅಂವ ನಮ್ಮ ಫಕೀರ ಅಲ್ಲಲೇ" ಎಂದು ನಿಮ್ಮಪ್ಪ ಕೈ ಹಿಡಿದರು. ಕೊಸರಿಕೊಂಡು ಆ ಹುಡುಗನಿಗೇ ನಿವಾಳಿಸಿ ಒಲೆಗೆ ಹಾಕಿದೆ. ಘಾಟೇ ಏಳಲಿಲ್ಲ! ಅಷ್ಟು ಕಣ್ಣು ಬಿದ್ದಿದೆ ಅವನ ಮೇಲೆ.

ಅವನ ಹಡೆದವ್ವ ಯಾವ ಊರಿನವಳೋ? ಅವಳಿಗೆ ಹೇಗಾದರೂ ತಿಳಿಸಬೇಕು: ಹೊರಡುವ ಹೊತ್ತಿಗೆ ಮಗ ನಿನ್ನ ಹಾಗೆ "ಬಿಡ ಬೇ ಯವ್ವಾ, ಗಾಡಿ ತಪ್ಪತೈತಿ" ಅಂದರೂ, ದೃಷ್ಟಿ ತೆಗೆಯದೆ ಕಳಿಸಬೇಡ ತಾಯಿ.