ಬೊಳ್ಳುವಿನ ಮೀನುತಲೆ

ದೇವದಾಸ,

ಬಿಜೈಯಿಂದ ಹೆರಿಗೆ ಮಾಡಿಸಲಿಕ್ಕೆ ನನ್ನನ್ನು ಕರೆಯಲು ಜಟ್ಕಾ ಬಂದು ನಿಂತಿದೆ. ನಾನು ಬರುವಾಗ ಸಂಜೆ ಆದೀತು. ಗಂಜಿ ಒಲೆಯ ಮೇಲೆ ಉಂಟು. ಬೆರಳಿಗೆ ಇನ್ನೊಮ್ಮೆ ಅಯೋಡಿನ್ ಹಚ್ಚು.

ನಾಯಿಯ ಹಲ್ಲು ತಾಗಿತು ಅಂತ ಬೊಳ್ಳುವನ್ನು ದೋಣಿಯಲ್ಲಿ ಉಳ್ಳಾಲಕ್ಕೆ ಬಿಟ್ಟು ಬರ್ತೇನೆ ಎಂದು ನಿನ್ನೆ ಹಾರಾಡಿದೆಯಲ್ಲ, ಅದು ಮಾತ್ರ ಬೇಡ. ಅದರ ಬಾಯಿಂದ ಮೀನಿನ ತಲೆ ಕಸಿಯಲಿಕ್ಕೆ ಹೋದದ್ದು ನೀನು. ಒಣಗಲು ಹಾಕಿದ ಮೀನನ್ನು ಕಾಗೆ ಮುಟ್ಟದ ಹಾಗೆ ಕಾಯಲಿಕ್ಕೆ ಕಲಿಸಿದ್ದೂ ನೀನೇ. ಯಾರಿಂದ ಕಾಯಬೇಕು, ಯಾರಿಂದ ಬೇಡ ಅಂತ ನಾಯಿಗೆ ಎಂತ ಗೊತ್ತು ಮಾರಾಯ?

ಮಧ್ಯಾಹ್ನ ಬಾವಿಕಟ್ಟೆಯ ಹಿಂದೆ ಅನ್ನ ಹಾಕಿ ಈಚೆ ಬಾ. ತಿನ್ನುವಾಗ ಹತ್ತಿರ ಸುಳಿಯಬೇಡ. ಗುರುಗುಟ್ಟಿದರೆ ಕೋಲು ಎತ್ತಬೇಡ. ಅದು ಮುಂಚೆ ಹೇಳಿ ಎಚ್ಚರಿಸುವುದು. ಹೊಡೆದು ಬಾಯಿ ಮುಚ್ಚಿಸಿದರೆ ನಾಳೆ ಹೇಳದೆಯೇ ಕಚ್ಚೀತು. ಬಾಯಿಂದ ಏನಾದರೂ ಬಿಡಿಸಲೇಬೇಕಾದರೆ ದೂರದಿಂದ ಹುರಿದ ಬಂಗುಡೆ ಮೀನಿನ ತುಂಡು ಎಸೆ, ತಾನಾಗಿ ಬಿಟ್ಟು ಬರ್ತದೆ. ಕಪಾಟಿನಲ್ಲಿ ಎರಡು ತುಂಡು ಇಟ್ಟಿದ್ದೇನೆ. ಅದು ಬೊಳ್ಳುವಿಗೆ, ನಿನಗಲ್ಲ.

ಅಮ್ಮ ತೀರಿಕೊಂಡ ವಾರ ನೀನು ಅವಳ ಸೀರೆ ಅಪ್ಪಿಕೊಂಡು ಮೂಲೆಯಲ್ಲಿ ಕೂತಿದ್ದೆ. ಒಗೆಯಲಿಕ್ಕೆ ಅಂತ ನಾನು ಎಳೆದಾಗ ನನ್ನ ಕೈ ಕಚ್ಚಿದೆ. ಹಲ್ಲಿನ ಗುರುತು ಇನ್ನೂ ಉಂಟು. ನಿನ್ನನ್ನು ನಾನು ಉಳ್ಳಾಲಕ್ಕೆ ಬಿಟ್ಟು ಬಂದೆನಾ?

ಅಕ್ಕ